ಮಕ್ಕಳ ಮೆದುಳಿನ ಗಡ್ಡೆ: ನಾನು ಪತ್ತೆಹಚ್ಚುವ ಕ್ರಮ

ಬೆಳಗ್ಗೆ ಎದ್ದ ಕೂಡಲೇ ವಾಂತಿ, ಆಮೇಲೆ ಏನೂ ಆಗದವರಂತೆ ಆಟ. ಭೇದಿ ಇಲ್ಲ, ಜ್ವರ ಇಲ್ಲ. ಇಂಥ ಮಗುವಿಗೆ ಹೊಟ್ಟೆಯ ಔಷಧಿ ಬರೆಯುವ ಮೊದಲು ನಾನು ತಲೆಯ ಕಡೆ ನೋಡುತ್ತೇನೆ. ಮಲಗಿದಾಗ ತಲೆಬುರುಡೆಯೊಳಗಿನ ಒತ್ತಡ ಏರುತ್ತದೆ. ಜೊತೆಗೆ ನಿದ್ದೆಯಲ್ಲಿ ರಕ್ತದ ಇಂಗಾಲದ ಡೈಆಕ್ಸೈಡ್ ಹೆಚ್ಚಿ ರಕ್ತನಾಳಗಳು ಹಿಗ್ಗುತ್ತವೆ. ಅದಕ್ಕೇ ಬೆಳಗಿನ ಹೊತ್ತು ಕಾಟ ಜಾಸ್ತಿ. ವಾಂತಿ 2 ವಾರ ಅಥವಾ ತಲೆನೋವು 4 ವಾರ ಬಿಡದೆ ಕಾಡಿದರೆ ಗಡ್ಡೆ ಇರಬಹುದೇ ಎಂದು ಯೋಚಿಸಲೇಬೇಕು.

ನಾನು ಮಗುವನ್ನು ಮೊದಲು ನಡೆಸುತ್ತೇನೆ. ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗುವಂತೆ, ನೇರ ಗೆರೆಯ ಮೇಲೆ 10 ಹೆಜ್ಜೆ. ಆರು ದಾಟಿದ ಮಗುವಿಗೆ ಇದು ಬರಬೇಕು. ಕೂರಿಸಿಯೇ ಪರೀಕ್ಷಿಸುವವರು ಎಡವುವುದು ಇಲ್ಲೇ: ಕಿರುಮೆದುಳಿನ ನಡುಭಾಗದಲ್ಲಿ ಗಡ್ಡೆ ಇದ್ದರೆ ಮಗು ಬೆರಳಿನಿಂದ ಮೂಗನ್ನು ಸರಿಯಾಗಿಯೇ ಮುಟ್ಟಬಹುದು, ಆದರೆ ನಡೆಯುವಾಗ ಮೈ ತೂರಾಡುತ್ತದೆ. ಕತ್ತು ಸದಾ ಒಂದೇ ಕಡೆ ವಾಲಿದ್ದರೆ ಉಳುಕು ಎಂದು ನೀವುವುದು ಬೇಡ. ವಸ್ತು ಎರಡಾಗಿ ಕಾಣುವುದನ್ನು ತಪ್ಪಿಸಲು ಮಗು ಹಾಗೆ ಹಿಡಿದಿರಬಹುದು. ದೃಷ್ಟಿಯನ್ನು ಒಂದೊಂದೇ ಕಣ್ಣು ಮುಚ್ಚಿಸಿ ನೋಡಿ. ಅಕ್ಷಿಪಟಲ ಸರಿಯಿದೆ ಎಂದ ಮಾತ್ರಕ್ಕೆ ಗಡ್ಡೆ ಇಲ್ಲವೆಂದಲ್ಲ. ನೆತ್ತಿ ಕೂಡದ ಕೂಸಿನಲ್ಲಂತೂ ಒತ್ತಡಕ್ಕೆ ತಲೆಯೇ ದೊಡ್ಡದಾಗುತ್ತದೆ. ಆಗ ಒಂದು ದಿನದ ಸುತ್ತಳತೆಯಿಂದ ತಿಳಿಯುವುದು ಕಡಿಮೆ, ಹಳೆಯ ಅಳತೆಗಳೊಂದಿಗೆ ಬೆಳವಣಿಗೆಯ ನಕ್ಷೆಯಲ್ಲಿ ಗುರುತಿಸಬೇಕು.

ಸಿಟಿ ಸ್ಕ್ಯಾನ್ ತುರ್ತಿಗೆ ಮಾತ್ರ. ತಲೆಯ ಹಿಂಭಾಗದ ದಪ್ಪ ಮೂಳೆ ಅದರ ಚಿತ್ರವನ್ನು ಕೆಡಿಸುವುದರಿಂದ ಮೆದುಳುಕಾಂಡದ ಗಡ್ಡೆ ತಪ್ಪಿಹೋಗಬಹುದು. ಬೇಕಾದದ್ದು ಗ್ಯಾಡೊಲಿನಿಯಂ (ಗಡ್ಡೆ ಎದ್ದು ಕಾಣಲು ರಕ್ತನಾಳಕ್ಕೆ ಕೊಡುವ ಮದ್ದು) ಕೊಟ್ಟು ಮಾಡುವ ಎಂಆರ್‌ಐ. ಅದರ ಪ್ರಮಾಣ ಸಾಮಾನ್ಯವಾಗಿ ಮಗುವಿನ ತೂಕದ ಕಿಲೋಗೆ 0.1 ಮಿಲಿಮೋಲ್. ಅರಿವಳಿಕೆ ಬೇಕಾದರೆ ಊಟ 6 ಗಂಟೆ, ಎದೆಹಾಲು 4 ಗಂಟೆ, ತಿಳಿನೀರು 2 ಗಂಟೆ ಮೊದಲೇ ನಿಲ್ಲಬೇಕು. ತಲೆಯೊಳಗೆ ಒತ್ತಡವಿದೆ ಎಂಬ ಅನುಮಾನವನ್ನು ಅರಿವಳಿಕೆ ವೈದ್ಯರಿಗೆ ಬಾಯಿಬಿಟ್ಟು ಹೇಳಿ. ಮಂಪರಿನಲ್ಲಿ ಉಸಿರು ಕುಗ್ಗಿದರೆ ಒತ್ತಡ ಇನ್ನೂ ಏರುತ್ತದೆ.

ಬೆನ್ನುಹುರಿಯ ಎಂಆರ್‌ಐ ಕೂಡ ಅದೇ ಸಲ ಆಗಿಬಿಡಲಿ. ಶಸ್ತ್ರಚಿಕಿತ್ಸೆಯ ನಂತರ ಅಲ್ಲಿಗೆ ಇಳಿದ ರಕ್ತವೂ ಹರಡಿದ ಗಡ್ಡೆಯ ಹಾಗೇ ಕಾಣುತ್ತದೆ. ಸ್ಕ್ಯಾನ್ ನೋಡದೆ ಬೆನ್ನುನೀರು ತೆಗೆಯಬಾರದು, ಮೆದುಳು ಕೆಳಗೆ ಜಾರೀತು. ಮೆದುಳಿನ ನಡುವೆ ಆಳದಲ್ಲಿರುವ ಪಿನಿಯಲ್ ಗ್ರಂಥಿಯ ಭಾಗದ ಗಡ್ಡೆಯಾದರೆ ಚಾಕು ಹಿಡಿಯುವ ಮೊದಲು ರಕ್ತದಲ್ಲಿ ಎಎಫ್‌ಪಿ, ಬೀಟಾ ಎಚ್‌ಸಿಜಿ ನೋಡಿ; ಇವು ಅಲ್ಲಿನ ಕೆಲವು ಗಡ್ಡೆಗಳು ರಕ್ತಕ್ಕೆ ಬಿಡುವ ಪ್ರೋಟೀನುಗಳು. ಅವು ತೀರಾ ಏರಿದ್ದರೆ ಬಯಾಪ್ಸಿಯೇ (ಗಡ್ಡೆಯ ತುಂಡು ತೆಗೆದು ಪರೀಕ್ಷಿಸುವುದು) ಬೇಡವಾಗಬಹುದು.

ಉಳಿದವರಲ್ಲಿ ಬಹುತೇಕರಿಗೆ ಗಡ್ಡೆಯ ತುಂಡು ಬೇಕೇ ಬೇಕು. ಎಲ್ಲವನ್ನೂ ಫಾರ್ಮಲಿನ್‌ಗೆ (ಅಂಗಾಂಶ ಕೆಡದಂತೆ ಇಡುವ ದ್ರವ) ಹಾಕಿಬಿಡಬೇಡಿ, ಜೀನ್ ಪರೀಕ್ಷೆಗೆಂದು ಒಂದು ಚೂರನ್ನು ಹೆಪ್ಪುಗಟ್ಟಿಸಿ ಇಡಿಸಿ. ಮೆಡುಲ್ಲೊಬ್ಲಾಸ್ಟೊಮಾ ಎಂಬ ಕಿರುಮೆದುಳಿನ ಕ್ಯಾನ್ಸರ್ ಗಡ್ಡೆಯನ್ನು ಜೀನ್‌ಗಳ ಆಧಾರದಲ್ಲಿ ಗುಂಪುಗಳಾಗಿ ವಿಂಗಡಿಸುತ್ತಾರೆ; ಅದರಲ್ಲಿ ಡಬ್ಲ್ಯುಎನ್‌ಟಿ ಗುಂಪು ಯಾವುದು, 3ನೇ ಗುಂಪು ಯಾವುದು ಎಂದು ಸೂಕ್ಷ್ಮದರ್ಶಕವೊಂದೇ ಖಚಿತವಾಗಿ ಹೇಳಲಾರದು.