ಮ್ಯಾಪ್ ಮೇಲೆ ಸೇಲ್ಸ್ ಏರಿಯಾ ಹಂಚುವುದು ಹೇಗೆ?

'ನೀನು ಸೌತ್ ನೋಡ್ಕೋ, ನೀನು ನಾರ್ತ್ ನೋಡ್ಕೋ, ವೈಟ್‌ಫೀಲ್ಡ್ ಕಡೆ ಹೊಸ ಹುಡುಗನಿಗೆ ಬಿಡಿ.' ಬೆಂಗಳೂರಿನ ಎಷ್ಟೋ ಡಿಸ್ಟ್ರಿಬ್ಯೂಟರ್ ಆಫೀಸುಗಳಲ್ಲಿ ಏರಿಯಾ ಹಂಚಿಕೆ ಅಂದರೆ ಇಷ್ಟೇ. ಆಮೇಲೆ ಒಬ್ಬನ ಬೀಟ್, ಅಂದರೆ ದಿನದ ಅಂಗಡಿ ಸುತ್ತು, ಮಧ್ಯಾಹ್ನ ಎರಡಕ್ಕೇ ಮುಗಿಯುತ್ತದೆ. ಇನ್ನೊಬ್ಬ ಸಂಜೆ ಏಳಾದರೂ ಮಾರತ್‌ಹಳ್ಳಿ ಬ್ರಿಡ್ಜ್ ದಾಟಿರುವುದಿಲ್ಲ. ಟಾರ್ಗೆಟ್ ಮಾತ್ರ ಇಬ್ಬರಿಗೂ ಒಂದೇ.

ಮ್ಯಾಪ್ ಸಾಫ್ಟ್‌ವೇರ್ ಬಳಸಿದರೆ ಇದನ್ನು ಸರಿಮಾಡಬಹುದು, ನಿಜ. ಆದರೆ ಬಳಸುವವರೆಲ್ಲ ಒಂದೇ ಕಡೆ ಎಡವುವುದನ್ನು ನೋಡುತ್ತಲೇ ಇದ್ದೇನೆ. ಬಣ್ಣ ಹಚ್ಚಲು ಎರಡು ದಿನ ಕೂರುತ್ತಾರೆ, ವಿಳಾಸ ಸರಿಮಾಡಲು ಅರ್ಧ ಗಂಟೆಯೂ ಕೊಡುವುದಿಲ್ಲ. ಮ್ಯಾಪ್ ಮೇಲೆ ಅಂಗಡಿಯನ್ನು ತೋರಿಸುವ ಚುಕ್ಕಿಯೇ ತಪ್ಪು ಜಾಗದಲ್ಲಿ ಕೂತರೆ, ಆಮೇಲೆ ಎಷ್ಟು ಚೆಂದದ ಗೆರೆ ಎಳೆದು ಏನು ಬಂತು? ಹಾಗಾಗಿ ಇಲ್ಲಿ ವಿಳಾಸದ ಮಾತೇ ಜಾಸ್ತಿ. ದರ್ಶಿನಿ, ಬೇಕರಿ, ಕಾಂಡಿಮೆಂಟ್ಸ್‌ಗಳಿಗೆ ಕಾಫಿಪುಡಿ ಹಾಕುವ, ನಾಲ್ಕು ಸೇಲ್ಸ್ ಹುಡುಗರಿರುವ ಒಂದು ಸಣ್ಣ ಏಜೆನ್ಸಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ.

1. ಸಾಫ್ಟ್‌ವೇರ್ ಆರಿಸಿ, ದುಡ್ಡು ಕೊಡಬೇಡಿ

ಅಂಗಡಿಗಳು 2,000ಕ್ಕಿಂತ ಕಡಿಮೆ ಇದ್ದರೆ ಗೂಗಲ್ ಮೈ ಮ್ಯಾಪ್ಸ್ ಸಾಕು. ಒಂದು ಲೇಯರ್‌ಗೆ (ಮ್ಯಾಪ್ ಮೇಲೆ ಹಾಸುವ ಒಂದು ಪದರಕ್ಕೆ) 2,000 ಸಾಲು, ಒಂದು ಮ್ಯಾಪ್‌ಗೆ 10 ಲೇಯರ್ ಅದರ ಮಿತಿ. ಕಂಪ್ಯೂಟರಿನಲ್ಲೇ ಮಾಡಿ, ಮೊಬೈಲಿನಲ್ಲಿ ಒದ್ದಾಡಬೇಡಿ. ಅದಕ್ಕಿಂತ ದೊಡ್ಡ ಪಟ್ಟಿ ಇದ್ದರೆ, ಅಥವಾ ಲೆಕ್ಕಾಚಾರ ಬೇಕಿದ್ದರೆ ಕ್ಯೂಜಿಐಎಸ್ ಅನ್ನುವ ಮ್ಯಾಪ್ ಸಾಫ್ಟ್‌ವೇರ್ ಹಾಕಿಕೊಳ್ಳಿ. ಅದೂ ಉಚಿತವೇ. ಮೊದಲ ವಾರ ತಲೆನೋವು ಕೊಡುತ್ತದೆ, ಆಮೇಲೆ ಕೈಗೆ ಒಗ್ಗುತ್ತದೆ.

ವಿಂಡೋಸ್ ಎಕ್ಸೆಲ್‌ನಲ್ಲಿರುವ, ಅಂಕಿಗಳನ್ನು ಕಂಬಗಳಾಗಿ ನಿಲ್ಲಿಸಿ ತೋರಿಸುವ ತ್ರೀಡಿ ಮ್ಯಾಪ್ ಮೀಟಿಂಗಿನಲ್ಲಿ ಎಲ್ಲರಿಗೂ ಇಷ್ಟವಾಗುತ್ತದೆ. ಆದರೆ ಮುಂದಿನ ಕಂಬ ಹಿಂದಿನ ಕಂಬವನ್ನು ಮುಚ್ಚುತ್ತದೆ, ಯಾವುದು ಎತ್ತರ ಅಂತ ಗೊತ್ತಾಗುವುದಿಲ್ಲ. ನಾನಂತೂ ಅದನ್ನು ಮುಟ್ಟುವುದಿಲ್ಲ, ನೀವೂ ಮುಟ್ಟಬೇಡಿ. ವರ್ಷಕ್ಕಿಷ್ಟು ಅಂತ ಚಂದಾ ಕೇಳಿಕೊಂಡು ಬರುವ ಏರಿಯಾ ಪ್ಲಾನಿಂಗ್ ಸಾಫ್ಟ್‌ವೇರ್‌ಗಳೂ ಇವೆ. ಅವುಗಳಲ್ಲಿ ಹಲವು ಅಮೆರಿಕದ ಜಿಪ್ ಕೋಡ್ (ಅಲ್ಲಿನ ಪಿನ್‌ಕೋಡ್) ನಂಬಿ ಕಟ್ಟಿದಂಥವು. ಡೆಮೊ ತೋರಿಸಲು ಬಂದವರಿಗೆ ನಿಮ್ಮದೇ ಪಟ್ಟಿಯಿಂದ ಐವತ್ತು ವಿಳಾಸ ಕೊಟ್ಟು, 'ಇದನ್ನು ಹಾಕಿ ತೋರಿಸಿ' ಅನ್ನಿ. ಅಲ್ಲೇ ತೀರ್ಮಾನ ಆಗುತ್ತದೆ.

2. ಪಟ್ಟಿ ತೆಗೆಯಿರಿ

ಲೆಕ್ಕ ಇಡುವ ಟ್ಯಾಲಿ ಸಾಫ್ಟ್‌ವೇರ್‌ನಿಂದ ಕಳೆದ 12 ತಿಂಗಳ ಮಾರಾಟ ತೆಗೆದು, ಬಿಲ್ಲಿಗೊಂದು ಸಾಲಲ್ಲ, ಅಂಗಡಿಗೊಂದು ಸಾಲು ಮಾಡಿ. ಪ್ರತಿ ಅಂಗಡಿಗೂ ಒಂದು ಕೋಡ್ ನಂಬರ್ ಇರಲಿ.

3. ವಿಳಾಸವನ್ನು ಚುಕ್ಕಿ ಮಾಡಿ

ಈಗ ಬಂತು ಅಸಲಿ ಕೆಲಸ. ನಮ್ಮ ಬಿಲ್ ಪುಸ್ತಕದಲ್ಲಿ ವಿಳಾಸ ಹೇಗಿರುತ್ತದೆ? '4ನೇ ಮೇನ್, 7ನೇ ಕ್ರಾಸ್, ಗಣಪತಿ ದೇವಸ್ಥಾನದ ಹತ್ತಿರ, ಬೆಂಗಳೂರು.' ಮಾಲು ಇಳಿಸುವ ಹುಡುಗನಿಗೆ ಇಷ್ಟು ಸಾಕು, ಅವನಿಗೆ ಅಂಗಡಿ ಗೊತ್ತು. ಕಂಪ್ಯೂಟರಿಗೆ ಏನೂ ಸಾಲದು. ಈ ಊರಿನ ಒಂದೊಂದು ಬಡಾವಣೆಗೂ ಅದರದೇ 4ನೇ ಮೇನ್ ಇದೆ. 4ನೇ ಬ್ಲಾಕ್ ಅಂದರೆ ಜಯನಗರದ್ದೋ, ರಾಜಾಜಿನಗರದ್ದೋ, ಕೋರಮಂಗಲದ್ದೋ? ಬರೀ 'ವಿಜಯನಗರ' ಅಂತ ಕೊಟ್ಟು ನೋಡಿ. ಮೈಸೂರಿನಲ್ಲೂ ಒಂದು ವಿಜಯನಗರ ಇದೆ, ಹೊಸಪೇಟೆ ಕಡೆ ಆ ಹೆಸರಿನ ಜಿಲ್ಲೆಯೇ ಇದೆ. ಶಿವಾಜಿನಗರ ಪುಣೆಯಲ್ಲೂ ಸಿಗುತ್ತದೆ.

ಆದ್ದರಿಂದ ವಿಳಾಸದ ಕಾಲಮ್ಮನ್ನು ಒಡೆಯಿರಿ. ಕಟ್ಟಡದ ನಂಬರ್, ಕ್ರಾಸ್, ಮೇನ್, ಬ್ಲಾಕ್ ಅಥವಾ ಸ್ಟೇಜ್, ಬಡಾವಣೆ, ಊರು, ಪಿನ್‌ಕೋಡ್ ಎಲ್ಲ ಬೇರೆ ಬೇರೆ. 'ಎದುರು', 'ಹಿಂಭಾಗ', 'ಹತ್ತಿರ' ಇವೆಲ್ಲ ಇನ್ನೊಂದು ಕಾಲಮ್ಮಿಗೆ ಹೋಗಲಿ. ಮ್ಯಾಪ್‌ಗೆ ಕೊಡುವಾಗ ಅವನ್ನು ಸೇರಿಸಬೇಡಿ. ಬಡಾವಣೆಯ ಹೆಸರಿಗೆ ಒಂದೇ ಕಾಗುಣಿತ ಇಟ್ಟುಕೊಳ್ಳಿ. ಮಲ್ಲೇಶ್ವರ, ಮಲ್ಲೇಶ್ವರಂ, ಎಂ.ವರಂ ಅಂತ ಮೂರು ಬಗೆಯಲ್ಲಿ ಬರೆದರೆ ಲೆಕ್ಕದಲ್ಲಿ ಅವು ಮೂರು ಊರು.

ಪಿನ್‌ಕೋಡ್ ಇದ್ದರೆ ಸಾಕಲ್ವಾ ಅಂತ ಎಲ್ಲರೂ ಕೇಳುತ್ತಾರೆ. ಸಾಲದು. 1972ರಲ್ಲಿ ಪಿನ್‌ಕೋಡ್ ಬಂದದ್ದು ಟಪಾಲು ಹಂಚುವುದಕ್ಕೆ, ಕಾಫಿಪುಡಿ ಹಂಚುವುದಕ್ಕಲ್ಲ. ಜಯನಗರ ಅಂದರೇ 560011 ಕೂಡ ಬರುತ್ತದೆ, 560041 ಕೂಡ ಬರುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ. ಪೂರ್ತಿ ವಿಳಾಸ ಅರ್ಥವಾಗದಿದ್ದಾಗ ಸಾಫ್ಟ್‌ವೇರ್ 'ಗೊತ್ತಾಗಲಿಲ್ಲ' ಅನ್ನುವುದಿಲ್ಲ. ಎಷ್ಟೋ ಸಲ ಸುಮ್ನೆ ಆ ಪಿನ್‌ಕೋಡಿನ ನಡುಮಧ್ಯೆ ಒಂದು ಚುಕ್ಕಿ ಇಟ್ಟುಬಿಡುತ್ತದೆ. ಮುಂದಿನ ಅಂಗಡಿಗೂ ಅದೇ ಚುಕ್ಕಿ, ಅದರ ಮುಂದಿನದಕ್ಕೂ ಅದೇ. ನಲವತ್ತು ಅಂಗಡಿ ಒಂದರ ಮೇಲೊಂದು ಕೂತಿದ್ದರೂ ಕಣ್ಣಿಗೆ ಒಂದೇ ಅಂಗಡಿಯಂತೆ ಕಾಣುತ್ತದೆ. ನೋಡಿದವರು 'ಈ ಕಡೆ ನಮ್ಮ ವ್ಯಾಪಾರವೇ ಇಲ್ಲ' ಅಂತ ತೀರ್ಮಾನ ಮಾಡುತ್ತಾರೆ.

ನನ್ನ ಸಲಹೆ ಕೇಳುವುದಾದರೆ ಚುಕ್ಕಿ ಇಡಲು ವಿಳಾಸದ ಗೊಡವೆಯೇ ಬೇಡ. ಹೇಗೂ ಹುಡುಗರು ವಾರಕ್ಕೊಮ್ಮೆ ಅಂಗಡಿಗೆ ಹೋಗುತ್ತಾರಲ್ಲ, ಅವರಿಂದಲೇ ಅಕ್ಷಾಂಶ, ರೇಖಾಂಶ ತರಿಸಿ. ಕೋಬೋ ಅಂತ ಉಚಿತ ಫಾರಂ ಆ್ಯಪ್ ಇದೆ, ನೆಟ್‌ವರ್ಕ್ ಇಲ್ಲದಿದ್ದರೂ ನಡೆಯುತ್ತದೆ. ಲೊಕೇಶನ್ ಎಷ್ಟು ಮೀಟರ್ ಆಚೀಚೆ ಇದೆ ಅಂತಲೂ ಅದು ತೋರಿಸುತ್ತದೆ. ಅಂಗಡಿಯ ಹೊರಗೆ ರಸ್ತೆಯಲ್ಲಿ ನಿಂತು, ಆ ಸಂಖ್ಯೆ 10 ಮೀಟರ್‌ಗಿಂತ ಕೆಳಗೆ ಇಳಿದ ಮೇಲೆ ಒತ್ತಲು ಹೇಳಿ. ಚಿಕ್ಕಪೇಟೆಯಂಥ ಕಿರಿದಾದ ಗಲ್ಲಿಗಳಲ್ಲಿ ಸಿಗ್ನಲ್ ಕಟ್ಟಡಗಳಿಗೆ ಬಡಿದು ಬರುವುದರಿಂದ ಸ್ವಲ್ಪ ಹೊತ್ತು ಕಾಯಬೇಕು. ಫಾರಂನಲ್ಲಿ ಅಂಗಡಿ ಬೋರ್ಡಿನ ಫೋಟೊ ಕಡ್ಡಾಯ ಮಾಡಿ. ಇಲ್ಲದಿದ್ದರೆ ಟೀ ಅಂಗಡಿಯಲ್ಲಿ ಕೂತು ಇಪ್ಪತ್ತು ಅಂಗಡಿ ಒತ್ತಿಬಿಡುವ ಜಾಣರು ಇದ್ದಾರೆ. ಹುಡುಗರನ್ನು ಬೈಯಬೇಡಿ, ಈ ಕೆಲಸಕ್ಕೆ ಅಂಗಡಿಗೆ ಇಷ್ಟು ಅಂತ ಪೆಟ್ರೋಲ್ ಕಾಸು ಕೊಡಿ.

ಅಂಚೆ ಇಲಾಖೆ 2025ರಲ್ಲಿ ತಂದ ಡಿಜಿಪಿನ್ ಬಗ್ಗೆಯೂ ಕೇಳುತ್ತಾರೆ. ಸುಮಾರು 4 ಮೀಟರ್ ಚೌಕಕ್ಕೆ ಒಂದು, 10 ಅಕ್ಷರಗಳ ಗುರುತು. ಒಳ್ಳೆಯದು, ಒಂದು ಕಾಲಮ್ಮಿನಲ್ಲಿ ಇರಲಿ. ಆದರೆ ಮ್ಯಾಪ್ ಸಾಫ್ಟ್‌ವೇರ್ ಕೇಳುವುದು ಅಕ್ಷಾಂಶ, ರೇಖಾಂಶವನ್ನೇ.

4. ಚುಕ್ಕಿಗಳನ್ನು ಅನುಮಾನಿಸಿ

ಬೆಂಗಳೂರಿನ ಅಕ್ಷಾಂಶ ಸುಮಾರು 12.97, ರೇಖಾಂಶ 77.59. ಎಕ್ಸೆಲ್‌ನಲ್ಲಿ ಫಿಲ್ಟರ್ ಹಾಕಿ. ಅಕ್ಷಾಂಶ 12.8ರಿಂದ 13.2, ರೇಖಾಂಶ 77.4ರಿಂದ 77.8ರ ಹೊರಗಿರುವುದನ್ನೆಲ್ಲ ಕೆಂಪು ಮಾಡಿ. ಎರಡೂ ಅದಲುಬದಲಾಗುವುದು ಬಲು ಸಾಮಾನ್ಯ, ಏಕೆಂದರೆ ಕ್ಯೂಜಿಐಎಸ್ ಎಕ್ಸ್ ಅಂತ ಕೇಳುವ ಕಡೆ ರೇಖಾಂಶ ಕೊಡಬೇಕು, ವೈ ಅಂದಲ್ಲಿ ಅಕ್ಷಾಂಶ. ಜನ ಬಾಯಿಪಾಠದ ಕ್ರಮದಲ್ಲಿ ಅಕ್ಷಾಂಶವನ್ನೇ ಮೊದಲು ಕೊಡುತ್ತಾರೆ. ಆಗ ನಿಮ್ಮ ಬಸವನಗುಡಿ ಬೇಕರಿ ಉತ್ತರ ಧ್ರುವದ ಕಡೆ, ನಾರ್ವೆಯ ಸ್ವಾಲ್‌ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರಕ್ಕೆ ಹೋಗಿ ಬೀಳುತ್ತದೆ. ಇದು ಸುಲಭದ ತಪ್ಪು, ನೋಡಿದ ಕೂಡಲೇ ಗೊತ್ತಾಗುತ್ತದೆ.

ಗೊತ್ತಾಗದ ತಪ್ಪು ಇನ್ನೊಂದಿದೆ. ಎಕ್ಸೆಲ್‌ನಲ್ಲಿ ಕೆಲವು ಸಲ ಆ ಕಾಲಮ್ ಎರಡು ದಶಾಂಶ ಸ್ಥಾನಕ್ಕೆ ಸೆಟ್ ಆಗಿರುತ್ತದೆ. ಒಳಗೆ 12.92857 ಇದ್ದರೂ ಕಾಣುವುದು 12.93. ಮ್ಯಾಪ್‌ಗೆ ಕೊಡಲು ಸಿಎಸ್‌ವಿ (ಬರೀ ಅಕ್ಷರ, ಅಂಕಿಗಳಿರುವ ಸಾದಾ ಫೈಲ್) ಮಾಡಿ ಸೇವ್ ಮಾಡಿದಾಗ ಎಕ್ಸೆಲ್ ಕಂಡದ್ದನ್ನೇ ಬರೆಯುತ್ತದೆ, ಒಳಗಿದ್ದದ್ದು ಹೋಯಿತು. ಎರಡನೇ ದಶಾಂಶ ಅಂದರೆ ನೆಲದ ಮೇಲೆ ಸುಮಾರು 1.1 ಕಿಲೋಮೀಟರ್. ಅಂಗಡಿಗಳೆಲ್ಲ ಚದುರಂಗದ ಮನೆಗಳಂತೆ ಸಾಲಾಗಿ ಕೂತಿದ್ದರೆ ಇದೇ ಆಗಿದೆ ಅಂತ ತಿಳಿಯಿರಿ. ಐದು ದಶಾಂಶ ಸ್ಥಾನ ಇಟ್ಟುಕೊಂಡು ಸೇವ್ ಮಾಡಿ. ಅಂಗಡಿ ಹೆಸರು ಕನ್ನಡದಲ್ಲಿದ್ದರೆ ಯುಟಿಎಫ್-8 ಇರುವ ಸಿಎಸ್‌ವಿಯನ್ನೇ ಆರಿಸಿ. ಮಾಮೂಲಿ ಸಿಎಸ್‌ವಿಯಲ್ಲಿ ಕನ್ನಡ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳಷ್ಟೇ ಉಳಿಯುತ್ತವೆ.

ಕೊನೆಗೆ ಕೌಂಟ್‌ಇಫ್ಸ್ ಫಾರ್ಮುಲಾ ಹಾಕಿ, ಒಂದೇ ಜಾಗ ಎಷ್ಟು ಅಂಗಡಿಗಳಿಗೆ ಬಂದಿದೆ ಅಂತ ಎಣಿಸಿ. ಎರಡು ಬಂದರೆ ಒಂದೇ ಕಾಂಪ್ಲೆಕ್ಸ್ ಇರಬಹುದು. ಐದಕ್ಕಿಂತ ಜಾಸ್ತಿ ಬಂದರೆ ಆ ಅಂಗಡಿಗಳಿಗೆ ಮತ್ತೆ ಹುಡುಗನನ್ನು ಕಳಿಸಿ.

5. ಬಣ್ಣ

ಮೈ ಮ್ಯಾಪ್ಸ್‌ನಲ್ಲಿ ಮಾರಾಟದ ಕಾಲಮ್ ಆರಿಸಿದರೆ ತಾನೇ ಬಣ್ಣ ಹಂಚುತ್ತದೆ. ಮೂರು ಬಣ್ಣಕ್ಕಿಂತ ಜಾಸ್ತಿ ಬೇಡ. ಏರಿಯಾವಾರು ಹೋಲಿಸುವಾಗ ಒಟ್ಟು ಮಾರಾಟ ತೋರಿಸಬೇಡಿ, ಅಂಗಡಿಯೊಂದಕ್ಕೆ ಎಷ್ಟು ಅಂತ ಭಾಗಿಸಿ ತೋರಿಸಿ. ಇಲ್ಲದಿದ್ದರೆ ದೊಡ್ಡ ಏರಿಯಾ ಯಾವಾಗಲೂ ಗೆದ್ದಂತೆ ಕಾಣುತ್ತದೆ.

6. ಗೆರೆ ಎಳೆಯಿರಿ

ವಾರ್ಡ್ ಗಡಿ ಸಿದ್ಧವಾಗಿದೆಯಲ್ಲ, ಅದನ್ನೇ ಇಟ್ಟುಕೊಳ್ಳೋಣ ಅನ್ನುವವರು ಬಹಳ. ಬೇಡ. ಬೆಂಗಳೂರಿನಲ್ಲಿ 198 ವಾರ್ಡ್ ಇದ್ದವು. 2022ರಲ್ಲಿ 243 ಅಂದರು, 2023ರಲ್ಲಿ 225 ಅಂದರು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂದು ಐದು ಪಾಲಿಕೆ ಆದವು, ವಾರ್ಡುಗಳು ಮತ್ತೆ ಬದಲಾದವು. ಪ್ರತಿ ಸಲವೂ ನಿಮ್ಮ ಹುಡುಗರ ಏರಿಯಾ ಬದಲಿಸುತ್ತೀರಾ?

ದಾಟಲು ಕಷ್ಟವಾಗುವ ಜಾಗವೇ ಗಡಿ ಆಗಬೇಕು. ಮಲ್ಲೇಶ್ವರ ಮತ್ತು ರಾಜಾಜಿನಗರದ ನಡುವೆ ರೈಲು ಹಳಿ ಇದೆ, ಗೆರೆ ಅಲ್ಲೇ ಎಳೆಯಿರಿ. ಹೊರ ವರ್ತುಲ ರಸ್ತೆ ಒಳ್ಳೆಯ ಗಡಿ. ಸಿಲ್ಕ್ ಬೋರ್ಡ್, ಹೆಬ್ಬಾಳ, ಕೆ.ಆರ್. ಪುರ ಈ ಮೂರು ಕಡೆ ದಿನಕ್ಕೆ ಎರಡು ಸಲ ದಾಟಬೇಕಾಗುವಂಥ ಬೀಟ್ ಯಾರಿಗೂ ಕೊಡಬೇಡಿ. ಮುರುಗೇಶಪಾಳ್ಯ ಮತ್ತು ಯಮಲೂರು ಮ್ಯಾಪ್‌ನಲ್ಲಿ ಹತ್ತಿರ ಹತ್ತಿರವೇ ಕಾಣುತ್ತವೆ. ನಡುವೆ ಎಚ್‌ಎಎಲ್ ವಿಮಾನ ನಿಲ್ದಾಣ ಇದೆ, ಸುತ್ತು ಹಾಕಿಯೇ ಹೋಗಬೇಕು. ಯಮಲೂರಿನಿಂದ ಇಬ್ಬಲೂರಿಗೆ ಹೋಗೋಣ ಅಂದರೆ ಬೆಳ್ಳಂದೂರು ಕೆರೆ ಅಡ್ಡ.

ಗೋಡೌನಿನ ಸುತ್ತ ಎರಡು ಕಿಲೋಮೀಟರ್ ವೃತ್ತ ಹಾಕುವವರನ್ನು ಈ ಕಾರಣಕ್ಕೇ ಕಂಡರಾಗುವುದಿಲ್ಲ ನನಗೆ. ಹಾಕಲೇಬೇಕು ಅಂತಿದ್ದರೆ ಕ್ಯೂಜಿಐಎಸ್‌ನಲ್ಲಿ ಮೊದಲು ಲೇಯರನ್ನು ಡಿಗ್ರಿ ಬಿಟ್ಟು ಮೀಟರಿನಲ್ಲಿ ಅಳೆಯುವ ಯುಟಿಎಂ ವಲಯ 43 ಉತ್ತರಕ್ಕೆ ಬದಲಿಸಿ, ಅದರ ಕೋಡ್ 32643. ಬದಲಿಸದೆ '2' ಅಂತ ಕೊಟ್ಟರೆ ಅದು ಎರಡು ಡಿಗ್ರಿ ಅಂತ ತಿಳಿಯುತ್ತದೆ. ಮೈಸೂರು, ಸೇಲಂ, ತಿರುಪತಿ ಎಲ್ಲವೂ ನಿಮ್ಮ ಗೋಡೌನಿನ ವೃತ್ತದೊಳಗೆ ಬಂದು ಕೂರುತ್ತವೆ.

ಎಷ್ಟು ನಿಮಿಷದಲ್ಲಿ ಎಲ್ಲಿಗೆ ತಲುಪಬಹುದು ಅಂತ ತೋರಿಸುವ ಉಚಿತ ಪ್ಲಗಿನ್‌ಗಳೂ (ಮೇಲಿಂದ ಸೇರಿಸಿಕೊಳ್ಳುವ ಟೂಲ್‌ಗಳು) ಕ್ಯೂಜಿಐಎಸ್‌ಗೆ ಇವೆ. ಓಪನ್‌ರೂಟ್‌ಸರ್ವಿಸ್ ಅನ್ನುವ ದಾರಿ ಲೆಕ್ಕದ ಸೇವೆ ಬಳಸುವ ಪ್ಲಗಿನ್ ರಸ್ತೆ ನೋಡುತ್ತದೆ, ಟ್ರಾಫಿಕ್ ನೋಡುವುದಿಲ್ಲ. ನಂಬಬೇಡಿ. ಗೆರೆ ಎಳೆದ ಮೇಲೆ ಪ್ರತಿ ಏರಿಯಾದ ಎರಡು ತುದಿಯ ಅಂಗಡಿ ಹಿಡಿದು, ಗೂಗಲ್ ಮ್ಯಾಪ್ಸ್‌ನಲ್ಲಿ ಮಂಗಳವಾರ ಬೆಳಿಗ್ಗೆ 11 ಗಂಟೆಗೆ ಹೊರಡುವಂತೆ ಸಮಯ ಕೊಟ್ಟು ನೋಡಿ. ಭಾನುವಾರ ಸಂಜೆ ಮನೆಯಲ್ಲಿ ಕೂತು ಆ ಹೊತ್ತಿನ ಟ್ರಾಫಿಕ್ ನೋಡಿ ಗೆರೆ ಎಳೆದವರ ಏರಿಯಾಗಳು ಸೋಮವಾರವೇ ಕೈಕೊಡುತ್ತವೆ.

7. ತೂಕ ನೋಡಿ

ಅಂಗಡಿ ಸಂಖ್ಯೆ ಸಮ ಮಾಡಬೇಡಿ, ಮಾರಾಟವನ್ನೂ ಸಮ ಮಾಡಬೇಡಿ. ಭೇಟಿಗಳನ್ನು ಸಮ ಮಾಡಿ. ಒಬ್ಬ ದಿನಕ್ಕೆ 25 ಅಂಗಡಿ ಮುಗಿಸಬಲ್ಲ ಅಂದುಕೊಳ್ಳಿ. ವಾರಕ್ಕೆ ಆರು ದಿನ, ಅಂದರೆ 150 ಭೇಟಿ. ವಾರಕ್ಕೊಮ್ಮೆ ಹೋಗಬೇಕಾದ ದರ್ಶಿನಿಗಳು 90 ಇದ್ದರೆ, ಹದಿನೈದು ದಿನಕ್ಕೊಮ್ಮೆ ಹೋಗುವ ಕಾಂಡಿಮೆಂಟ್ಸ್ 120 ಸೇರಿಸಬಹುದು. ಅವು ವಾರಕ್ಕೆ 60 ಭೇಟಿ ಆದವು, ಲೆಕ್ಕ ಕೂಡಿತು. ಸರ್ಜಾಪುರ ರಸ್ತೆಯಲ್ಲಿ ಅಂಗಡಿಗಳು ದೂರ ದೂರ ಇರುವುದರಿಂದ ಅಲ್ಲಿ ದಿನಕ್ಕೆ 25 ಆಗುವುದಿಲ್ಲ. ಗಾಂಧಿಬಜಾರಿನಲ್ಲಿ ನಡೆದೇ ಮುಗಿಸಬಹುದು. ಹಾಗಾಗಿ ಏರಿಯಾಕ್ಕೆ ತಕ್ಕಂತೆ ಈ 25ನ್ನು ಏರಿಸಿ ಇಳಿಸಿ. ಕ್ಯೂಜಿಐಎಸ್‌ನಲ್ಲಿ ಪ್ರತಿ ಏರಿಯಾದೊಳಗೆ ಎಷ್ಟು ಚುಕ್ಕಿ ಇವೆ ಅಂತ ಎಣಿಸುವ ಟೂಲ್ ಇದೆ. ಅದರಲ್ಲಿ ವಾರದ ಭೇಟಿಯ ಕಾಲಮ್ಮನ್ನು ತೂಕವಾಗಿ ಕೊಟ್ಟರೆ ಕೂಡಿಸಿಯೇ ಕೊಡುತ್ತದೆ.

8. ಹುಡುಗರಿಗೆ ಒಪ್ಪಿಸಿ

ಮ್ಯಾಪ್ ಲಿಂಕ್ ಕಳಿಸುವಾಗ 'ಲಿಂಕ್ ಇದ್ದವರೆಲ್ಲ ನೋಡಬಹುದು' ಅನ್ನುವುದನ್ನು ಒತ್ತಬೇಡಿ. ವಾಟ್ಸ್‌ಆ್ಯಪ್ ಗುಂಪಿನಿಂದ ಗುಂಪಿಗೆ ಹೋಗಿ ನಿಮ್ಮ ಇಡೀ ಗಿರಾಕಿ ಪಟ್ಟಿ ಎದುರಾಳಿ ಏಜೆನ್ಸಿಯವರ ಮೊಬೈಲಿನಲ್ಲಿರುತ್ತದೆ. ಹುಡುಗರ ಮ್ಯಾಪ್‌ನಲ್ಲಿ ಹೆಸರು, ಕೋಡ್, ಭೇಟಿಯ ದಿನ ಇದ್ದರೆ ಸಾಕು. ಮಾರಾಟದ ಅಂಕಿ ಆಫೀಸಿನಲ್ಲೇ ಇರಲಿ.

ಅಂಗಡಿಯನ್ನು ಒಬ್ಬನಿಂದ ಇನ್ನೊಬ್ಬನಿಗೆ ವರ್ಗಾಯಿಸುವ ಮೊದಲು ಉದ್ರಿ ಬಾಕಿ ನೋಡಿ. ಹಳೇ ಹುಡುಗ ಕೊಟ್ಟ ಸಾಲವನ್ನು ಹೊಸಬ ವಸೂಲಿ ಮಾಡಲು ಹೋದರೆ, 'ಅವನಿಗೇ ಕೊಡ್ತೀನಿ ಬಿಡಪ್ಪ' ಅನ್ನುತ್ತಾರೆ ಅಂಗಡಿಯವರು. ಬಾಕಿ ಇರುವ ಅಂಗಡಿಗಳನ್ನು ಮ್ಯಾಪ್‌ನಲ್ಲಿ ಬೇರೆ ಬಣ್ಣ ಮಾಡಿ. ಮೊದಲ ಎರಡು ಭೇಟಿಗೆ ಇಬ್ಬರನ್ನೂ ಒಟ್ಟಿಗೆ ಕಳಿಸಿ, ಲೆಕ್ಕ ಚುಕ್ತಾ ಆದ ಅಂಗಡಿಗಳನ್ನಷ್ಟೇ ಹೊಸಬನ ಹೆಸರಿಗೆ ಹಾಕಿ.