ನಾಲ್ಕು ಬೆರಳು ಮರಳು

ಹಳೆಯ ಭೂಕಂಪ, ಸುನಾಮಿಗಳ ಗುರುತು ಹುಡುಕಿಕೊಂಡು ಅಳಿವೆಯ ಅಂಚಿನ ಆ ಜವುಗಿಗೆ ನಾವು ಇಳಿಯುತ್ತಿದ್ದದ್ದು ಸಮುದ್ರ ಪೂರ್ತಿ ಇಳಿದ ಮೇಲೆ. ದಿನಕ್ಕೆ 4 ಗಂಟೆ ಸಿಕ್ಕರೆ ಜಾಸ್ತಿ. ಮೊಣಕಾಲವರೆಗೆ ಕೆಸರು. ಕೈಯಲ್ಲಿ ಒಂದು ಮೀಟರ್ ಉದ್ದದ ಕೋರರ್. ಕೋರರ್ ಅಂದರೆ ಉದ್ದಕ್ಕೆ ಸೀಳಿದಂತಿರುವ ಉಕ್ಕಿನ ಕೊಳವೆ. ನೆಲಕ್ಕೆ ಒತ್ತಿ, ಒಂದು ಸುತ್ತು ತಿರುಗಿಸಿ ಮೇಲೆಳೆದರೆ ಒಳಗಿನ ಪದರಗಳು ಇದ್ದ ಹಾಗೇ ಹೊರಗೆ ಬರುತ್ತವೆ. ಇನ್ನೂ ಆಳಕ್ಕೆ ಹೋಗಬೇಕಾದರೆ ಮೇಲೊಂದು ಸರಳು ಜೋಡಿಸಿ ಅದೇ ತೂತಿಗೆ ಮತ್ತೆ ಇಳಿಸಬೇಕು.

ಮೂರನೇ ದಿನ, 80 ಸೆಂಟಿಮೀಟರ್ ಆಳದಲ್ಲಿ ಅದು ಸಿಕ್ಕಿತು. ಕೆಳಗೆ ಕಂದು ಬಣ್ಣದ ಪೀಟ್, ಅಂದರೆ ಅರ್ಧ ಕೊಳೆತ ಹುಲ್ಲು, ಬೇರುಗಳೇ ತುಂಬಿದ ಮಣ್ಣು. ಅದರ ಮೇಲೆ ನಾಲ್ಕು ಬೆರಳು ದಪ್ಪ ಬೂದು ಮರಳು. ಅದರ ಮೇಲೆ ಅಳಿವೆಯ ನುಣ್ಣನೆಯ ಕೆಸರು. ನಾನು ನೋಟ್‌ಬುಕ್ಕಿನಲ್ಲಿ 'ಸುನಾಮಿ' ಅಂತ ಬರೆಯಲು ಹೊರಟಿದ್ದೆ. ಜೊತೆಗಿದ್ದ ಹಿರಿಯ ಸಂಶೋಧಕಿ ತಡೆದರು. "ಈಗ 'ಮರಳು' ಅಂತಷ್ಟೇ ಬರಿ. ಎಷ್ಟು ದಪ್ಪ, ಯಾವ ಬಣ್ಣ, ಅಡಿ ಅಂಚು ಹೇಗಿದೆ, ಅದನ್ನು ಬರಿ. ಕಾರಣ ಆಮೇಲೆ" ಅಂದರು. ಅವತ್ತು ಕಲಿತ ಆ ಅಭ್ಯಾಸವನ್ನು ನಾನು ಇವತ್ತಿಗೂ ಬಿಟ್ಟಿಲ್ಲ.

ಈ ಮೂರು ಪದರಗಳು ಯಾಕೆ ಅಷ್ಟು ಮುಖ್ಯ? ಒಂದು ಭೂಫಲಕ ಇನ್ನೊಂದರ ಅಡಿಗೆ ನುಗ್ಗುವ ತೀರಗಳಲ್ಲಿ ಎರಡೂ ನೂರಾರು ವರ್ಷ ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ಆಗ ಮೇಲಿನ ಫಲಕ ಬಾಗಿ, ಕರಾವಳಿಯ ನೆಲ ನಿಧಾನವಾಗಿ ಮೇಲೇಳುತ್ತದೆ. ಭೂಕಂಪವಾದಾಗ ಹಿಡಿತ ಬಿಟ್ಟು, ಅದೇ ನೆಲ ಕೆಲವೇ ನಿಮಿಷಗಳಲ್ಲಿ ಒಂದು ಮೀಟರ್, ಕೆಲವೊಮ್ಮೆ ಅದಕ್ಕೂ ಜಾಸ್ತಿ ಕುಸಿಯುತ್ತದೆ. ನಿನ್ನೆ ಹುಲ್ಲು ಬೆಳೆದಿದ್ದ ಜಾಗಕ್ಕೆ ಇವತ್ತು ದಿನಕ್ಕೆರಡು ಸಲ ಉಬ್ಬರದ ನೀರು ಬರುತ್ತದೆ. ಹುಲ್ಲು ಸಾಯುತ್ತದೆ, ಕೆಸರು ಕೂರುತ್ತದೆ. ಕುಸಿದ ಸ್ವಲ್ಪ ಹೊತ್ತಿನಲ್ಲೇ ಸುನಾಮಿ ಬಂದಿದ್ದರೆ, ಹುಲ್ಲಿಗೂ ಕೆಸರಿಗೂ ನಡುವೆ ಮರಳು ಉಳಿಯುತ್ತದೆ.

ಇದನ್ನು ಓದಲು ನಮಗೆ ಕಲಿಸಿದ್ದು ಉತ್ತರ ಅಮೆರಿಕದ ಪಶ್ಚಿಮದ ಕ್ಯಾಸ್ಕೇಡಿಯಾ ತೀರ. ಅಲ್ಲಿ ದೊಡ್ಡ ಭೂಕಂಪದ ಲಿಖಿತ ದಾಖಲೆ ಒಂದೂ ಇರಲಿಲ್ಲ. ವಾಷಿಂಗ್ಟನ್ ರಾಜ್ಯದ ಅಳಿವೆಗಳ ದಂಡೆಯಲ್ಲಿ ಹೂತುಹೋದ ಜವುಗು ನೆಲಗಳನ್ನು ಭೂವಿಜ್ಞಾನಿ ಬ್ರಯಾನ್ ಅಟ್‌ವಾಟರ್ 1987ರಲ್ಲಿ ಜಗತ್ತಿಗೆ ತೋರಿಸಿದರು. ಅದೇ ತೀರದಲ್ಲಿ ಉಪ್ಪುನೀರಿಗೆ ಸತ್ತ ರೆಡ್ ಸೀಡರ್ ಮರಗಳು ಇನ್ನೂ ನಿಂತಿವೆ. ಕಾಂಡದ ಹೊರಭಾಗ ಸವೆದುಹೋಗಿತ್ತು. ಆದರೆ ಮಣ್ಣಿನಡಿಯ ಬೇರುಗಳಲ್ಲಿ ತೊಗಟೆ ಉಳಿದಿತ್ತು, ಅಂದರೆ ಮರ ಸಾಯುವ ಮುಂಚಿನ ಕೊನೆಯ ಉಂಗುರವೂ ಇತ್ತು. ಬೇರಿನ ಉಂಗುರ ಎಣಿಸಿದರೆ ಕೊನೆಯದು 1699ರದು. ಅತ್ತ ಜಪಾನಿನ ಹಳ್ಳಿಗಳ ದಾಖಲೆಯಲ್ಲಿ, ಭೂಮಿ ನಡುಗದೆಯೇ ಬಂದ ಅಲೆಗಳ ಮಾತಿತ್ತು. ಅಲೆ ಅಲ್ಲಿಗೆ ಮುಟ್ಟಿದ ಸಮಯದಿಂದ, ಸಾಗರ ದಾಟಲು ಅದಕ್ಕೆ ಬೇಕಾದ ಹೊತ್ತನ್ನು ಕಳೆದು ಭೂಕಂಪ ವಿಜ್ಞಾನಿ ಕೆಂಜಿ ಸಟಾಕೆ ಮತ್ತು ಸಂಗಡಿಗರು 1996ರಲ್ಲಿ ದಿನವನ್ನೇ ಹೇಳಿದರು: 1700ರ ಜನವರಿ 26, ರಾತ್ರಿ ಸುಮಾರು 9 ಗಂಟೆ. ಕೆಸರು, ಮರದ ಬೇರು, ಹಳ್ಳಿಯ ಕಾಗದ, ಮೂರೂ ಒಂದೇ ಚಳಿಗಾಲಕ್ಕೆ ಬಂದು ನಿಂತವು. ಇದನ್ನು ನೆನೆದಾಗಲೆಲ್ಲ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ನಮ್ಮ ಜವುಗಿನಲ್ಲಿ ಮರವೂ ಇರಲಿಲ್ಲ, ಕಾಗದವೂ ಇರಲಿಲ್ಲ. ಇದ್ದದ್ದು ಮರಳು ಮಾತ್ರ. ಮರಳನ್ನು ಚಂಡಮಾರುತವೂ ತರಬಲ್ಲದು, ಅಲ್ವಾ? ಒಂದೇ ತೂತಿನ ಮರಳು ನೋಡಿ ಯಾರೂ ಏನನ್ನೂ ಹೇಳಬಾರದು. ಹಾಗಾಗಿ ಕಡಲ ಅಂಚಿನಿಂದ ಒಳನಾಡಿನ ಕಡೆಗೆ ನೇರ ಗೆರೆಯಲ್ಲಿ 27 ಕಡೆ ಕೋರ್ ತೆಗೆದೆವು. ಮೊದಲಿಗೆ 7 ಸೆಂಟಿಮೀಟರ್ ಇದ್ದ ಮರಳು ಒಳಗೆ ಹೋದ ಹಾಗೆ ತೆಳುವಾಗುತ್ತಾ, ಕಣವೂ ಸಣ್ಣದಾಗುತ್ತಾ, ಒಂದು ಕಿಲೋಮೀಟರ್ ದಾಟಿದ ಮೇಲೆ ಉಗುರಿನಷ್ಟು ಉಳಿಯಿತು. ಕೊನೆಯ 6 ಕೋರ್‌ಗಳಲ್ಲಿ ಮರಳೇ ಇಲ್ಲ. ಆ 6 ಖಾಲಿ ಕೋರ್‌ಗಳನ್ನೂ ಅಷ್ಟೇ ಜೋಪಾನವಾಗಿ ಬರೆದಿಟ್ಟೆವು. ಪದರ ಎಲ್ಲಿ ಮುಗಿಯಿತು ಅಂತ ಹೇಳುವುದು ಅವೇ ತಾನೆ? ಚಂಡಮಾರುತದ ಮರಳು ಸಾಮಾನ್ಯವಾಗಿ ದಡದ ಹತ್ತಿರವೇ ದಪ್ಪಗೆ ಕೂತು ಬೇಗ ಮುಗಿಯುತ್ತದೆ. ಗಂಟೆಗಟ್ಟಲೆ ಬಡಿದ ಅಲೆಗಳಿಂದ ಅದರಲ್ಲಿ ನೂಲಿನಂಥ ಹತ್ತಾರು ಗೆರೆಗಳಿರುತ್ತವೆ. ಸುನಾಮಿಯಲ್ಲಿ ಅಲೆಗಳು ಕೆಲವೇ, ಆದರೆ ಒಂದೊಂದೂ ಬಹಳ ಹೊತ್ತು ಒಳಗೆ ನುಗ್ಗುತ್ತಲೇ ಇರುತ್ತದೆ. ಇದೇನೂ ಕಟ್ಟುನಿಟ್ಟಿನ ನಿಯಮವಲ್ಲ. ಎರಡರ ಗುರುತೂ ಬೆರೆತ ಪದರಗಳನ್ನು ನಾನೇ ನೋಡಿದ್ದೇನೆ.

ನನ್ನ ಅನುಮಾನ ಹೋದದ್ದು ಒಂದು ತೊರೆಯ ದಂಡೆಯಲ್ಲಿ. ನೀರು ಕೊರೆದ ಆ ಗೋಡೆಯನ್ನು ಕರಣೆಯಿಂದ ಮೆಲ್ಲಗೆ ಕೆರೆದು ಚೊಕ್ಕ ಮಾಡಿದೆ. ಪೀಟ್‌ನಲ್ಲಿ ಬೇರೂರಿದ ಹುಲ್ಲಿನ ಕಡ್ಡಿಗಳು ಮರಳಿನೊಳಗೆ ಮಲಗಿದ್ದವು. ಎಲ್ಲವೂ ಒಳನಾಡಿನ ಕಡೆಗೇ ಬಾಗಿದ್ದವು. ಅಂದರೆ ಮರಳು ಬಂದಾಗ ಆ ಹುಲ್ಲು ಇನ್ನೂ ನಿಂತಿತ್ತು. ಪಕ್ಕದಲ್ಲೇ ಮರಳಿನ ನಡುವೆ ಪೀಟ್‌ನ ಚೂರುಗಳು, ಅಲೆ ಕಿತ್ತು ತಂದವು. ಅವತ್ತು ಉಬ್ಬರ ಬೂಟಿನವರೆಗೆ ಬಂದರೂ ನಾನು ಅಲ್ಲಿಂದ ಏಳಲಿಲ್ಲ.

ಆಮೇಲೆ ತಿಂಗಳುಗಟ್ಟಲೆ ಮೈಕ್ರೋಸ್ಕೋಪಿನ ಕೆಲಸ. ಡಯಾಟಮ್‌ಗಳು ಗಾಜಿನಂಥ ಚಿಪ್ಪಿನ ಒಂಟಿಕೋಶದ ಪಾಚಿಗಳು. ಯಾವ ಜಾತಿ ಎಷ್ಟು ಉಪ್ಪಿನಲ್ಲಿ ಬದುಕುತ್ತದೆ ಅನ್ನುವುದು ಗೊತ್ತಿರುವ ಸಂಗತಿ. ಪೀಟ್‌ನಲ್ಲಿ ಎತ್ತರದ ಜವುಗಿನ ಜಾತಿಗಳಿದ್ದವು. ಮರಳಿನಲ್ಲಿ ಹೊರಗಿನ ಸಮುದ್ರದವು, ಬಹುಪಾಲು ಒಡೆದವು. ಮೇಲಿನ ಕೆಸರಿನಲ್ಲಿ ಉಬ್ಬರ ಬಂದು ಹೋಗುವ ಬಯಲಿನವು. ಒಂದೇ ಸೆಂಟಿಮೀಟರಿನಲ್ಲಿ ಎಲ್ಲ ಬದಲು. ಸಮುದ್ರ ಮಟ್ಟ ಸುಮ್ನೆ ನಿಧಾನಕ್ಕೆ ಏರಿದ್ದರೆ ಈ ಬದಲಾವಣೆ ಸ್ವಲ್ಪ ಸ್ವಲ್ಪವಾಗಿ ಕಾಣಬೇಕಿತ್ತು.

ಕಾಲ ಹೇಳುವುದರಲ್ಲಿ ನಾನು ಎಡವಿದೆ. ಮೊದಲ ಸಲ ಪೀಟ್‌ನ ಮುದ್ದೆಗಳನ್ನೇ ರೇಡಿಯೋಕಾರ್ಬನ್ ಪರೀಕ್ಷೆಗೆ, ಅಂದರೆ ಇಂಗಾಲದಿಂದ ವಯಸ್ಸು ಲೆಕ್ಕ ಹಾಕುವ ಪರೀಕ್ಷೆಗೆ, ಕಳಿಸಿದ್ದೆ. ಒಂದೇ ಪದರದ ಎರಡು ಮುದ್ದೆಗಳಿಗೆ ಸುಮಾರು 300 ವರ್ಷ ಅಂತರ ಬಂತು. ಮುದ್ದೆಯಲ್ಲಿ ಆಮೇಲೆ ಬೆಳೆದ ಗಿಡಗಳ ಇಳಿಬೇರೂ ಇರುತ್ತದೆ, ಎಷ್ಟೋ ಹಳೆಯ ಕಸವೂ ಇರುತ್ತದೆ. ಕಡಲ ಜೀವಿಗಳ ಚಿಪ್ಪಂತೂ ಇನ್ನೂ ಮೋಸ. ಸಮುದ್ರದ ನೀರಿನಲ್ಲಿ ಹಳೆಯ ಇಂಗಾಲ ಇರುವುದರಿಂದ ಚಿಪ್ಪು ಸುಮಾರು 400 ವರ್ಷ ಹೆಚ್ಚು ಹಳೆಯದಾಗಿ ಕಾಣುತ್ತದೆ. ಎರಡನೇ ಸಲ ಮರಳಿನ ಕೆಳಗೇ ಇದ್ದ ಬೀಜಗಳನ್ನೂ, ಬಾಗಿ ಮಲಗಿದ್ದ ಆ ಹುಲ್ಲಿನ ಬುಡವನ್ನೂ ಚಿಮಟದಿಂದ ಒಂದೊಂದಾಗಿ ಆರಿಸಿ ಕಳಿಸಿದೆ. ಆಗ ಎಲ್ಲವೂ 120 ವರ್ಷದ ಒಂದು ಅವಧಿಯೊಳಗೆ ಬಂದವು. ಇಸವಿ ಸಿಗಲಿಲ್ಲ. ಈ ವಿಧಾನ ಕೊಡುವುದೇ ಅವಧಿ, ಇಸವಿ ಅಲ್ಲ.

ನಕ್ಷೆ ಬಿಡಿಸುವಾಗ ಮರಳು ಮುಗಿದಲ್ಲಿಗೇ ನೀರೂ ಮುಗಿಯಿತು ಅಂತ ಗೆರೆ ಎಳೆಯುವ ಆಸೆ ಆಗುತ್ತದೆ. ಅದು ಅಪಾಯ. ಜಪಾನಿನ ಸೆಂಡೈ ಬಯಲಿನಲ್ಲಿ 869ರ ಜೋಗನ್ ಸುನಾಮಿಯ ಮರಳನ್ನು 2011ಕ್ಕೂ ಮೊದಲೇ ಗುರುತಿಸಿದ್ದರು. 2011ರ ಮಾರ್ಚ್ 11ರಂದು ಅದೇ ಬಯಲಿಗೆ ನೀರು ನಾಲ್ಕೂವರೆ ಕಿಲೋಮೀಟರ್‌ವರೆಗೆ ನುಗ್ಗಿದ ಕಡೆಯಲ್ಲೂ ಕಣ್ಣಿಗೆ ಕಾಣುವಷ್ಟು ದಪ್ಪದ ಮರಳು ನಿಂತದ್ದು ಸುಮಾರು ಮೂರು ಕಿಲೋಮೀಟರ್‌ಗೆ. ಅದರಾಚೆ ಬರೀ ಕೆಸರು. ಕಾಲ ಕಳೆದಂತೆ ಆ ಕೆಸರು ಮಣ್ಣಿನಲ್ಲಿ ಬೆರೆತು ಗುರುತೇ ಸಿಗುವುದಿಲ್ಲ. ಅದಕ್ಕೇ ನನ್ನ ನಕ್ಷೆಯಲ್ಲಿ ಮರಳಿನ ಗೆರೆಯ ಪಕ್ಕ 'ನೀರು ಕಡೇಪಕ್ಷ ಇಲ್ಲಿವರೆಗೆ' ಅಂತ ಬರೆದೆ. ಆ ಗೆರೆ ನೋಡಿ ಯಾರೋ ಮನೆ ಕಟ್ಟುತ್ತಾರೆ, ಶಾಲೆ ಕಟ್ಟುತ್ತಾರೆ.

ಅದೇ ಜವುಗಿನಲ್ಲಿ 2 ಮೀಟರ್ ಆಳದಲ್ಲಿ ಇನ್ನೊಂದು ಮರಳಿದೆ. ಅದರ ಕೆಳಗೂ ಪೀಟ್, ಮೇಲೂ ಪೀಟ್. ಅಂದರೆ ಆಗ ನೆಲ ಕುಸಿಯಲಿಲ್ಲ, ಹುಲ್ಲು ಮತ್ತೆ ಚಿಗುರಿತು. ದೂರದ ಭೂಕಂಪದ ಸುನಾಮಿ ಇರಬಹುದು, ಚಂಡಮಾರುತವೂ ಇರಬಹುದು. ಸಿಕ್ಕಿದ್ದು 5 ಕೋರ್‌ಗಳಲ್ಲಿ ಮಾತ್ರ, ಎಲ್ಲವೂ ದಡದ ಹತ್ತಿರದವು. ಮುಂದಿನ ದೊಡ್ಡ ಇಳಿತಗಳಲ್ಲಿ ಪಕ್ಕದ ಅಳಿವೆಗೆ ಹೋಗಿ ಅದೇ ಆಳಕ್ಕೆ ಕೋರರ್ ಇಳಿಸಬೇಕು.