ಹುಬ್ಬಳ್ಳಿಯಿಂದ ಮನೆಗೆ ಬಂದ ಮೇಲೆ

ನಮ್ಮ ಕಡೆ ಕ್ಯಾನ್ಸರ್ ಅಂದ ತಕ್ಷಣ ಜನ ಹುಬ್ಬಳ್ಳಿ ಬಸ್ ಹತ್ತುತ್ತಾರೆ. ರೋಣ, ಮುಂಡರಗಿ, ಗಜೇಂದ್ರಗಡ, ಎಲ್ಲಿಯವರಾದರೂ ಅಷ್ಟೇ. ಆಪರೇಷನ್ ಆಗುತ್ತದೆ, ಕೀಮೋ ಆಗುತ್ತದೆ, ಕರೆಂಟ್ (ರೇಡಿಯೇಷನ್) ಕೊಡಿಸುತ್ತಾರೆ. ಸಾಲ ಮಾಡಿ ಓಡಾಡುತ್ತಾರೆ. ಕೆಲವರಿಗೆ ಗುಣವಾಗುತ್ತದೆ. ಗುಣವಾಗದವರು ಒಂದು ದಿನ ಫೈಲು, ಗುಳಿಗೆ ಚೀಲ ಹಿಡಿದುಕೊಂಡು ಮನೆಗೆ ವಾಪಸ್ ಬರುತ್ತಾರೆ. ಅಲ್ಲಿಂದ ಮುಂದೆ ಅವರನ್ನು ಯಾರು ನೋಡಿಕೊಳ್ಳಬೇಕು? ನನ್ನ ಕೆಲಸ ಶುರುವಾಗುವುದು ಅಲ್ಲಿಂದ.

ನಾನು ನರ್ಸ್. ಗದಗದಿಂದ ಸುತ್ತಲಿನ ಹಳ್ಳಿಗಳಿಗೆ ಹೋಗಿ ಇಂಥ ರೋಗಿಗಳನ್ನು ಮನೆಯಲ್ಲೇ ನೋಡುವ ಒಂದು ಚಿಕ್ಕ ತಂಡದಲ್ಲಿ ಇದ್ದೇನೆ. ಇದಕ್ಕೆ ಪ್ಯಾಲಿಯೇಟಿವ್ ಕೇರ್ ಅಂತಾರೆ. ರೋಗ ಗುಣವಾಗದಿದ್ದರೂ ನೋವು ಇಳಿಸಬಹುದು. ದಮ್ಮು, ವಾಂತಿ, ಗಾಯದ ವಾಸನೆ, ನಿದ್ದೆ ಇಲ್ಲದ ರಾತ್ರಿ, ಮನೆಯವರ ಭಯ, ಇವೆಲ್ಲಕ್ಕೂ ಮಾಡುವುದು ಬೇಕಾದಷ್ಟಿದೆ. ಕ್ಯಾನ್ಸರ್‌ಗೆ ಮಾತ್ರ ಅಲ್ಲ. ಲಕ್ವಾ ಹೊಡೆದು ಹಾಸಿಗೆ ಹಿಡಿದವರು, ಕಿಡ್ನಿ ಹೋದವರು, ತೀರಾ ವಯಸ್ಸಾದವರು, ಎಲ್ಲರಿಗೂ ಇದು ಬೇಕು.

ಗುಣವಾಗದ ರೋಗಿಗಳನ್ನು ಕೊನೆಯ ದಿನಗಳಲ್ಲಿ ಇಟ್ಟುಕೊಂಡು ನೋಡಿಕೊಳ್ಳುವ ಜಾಗಕ್ಕೆ ಹಾಸ್ಪೈಸ್ ಅಂತಾರೆ. ನಮ್ಮ ದೇಶದ ಮೊದಲ ಹಾಸ್ಪೈಸ್, ಶಾಂತಿ ಅವೇದನಾ, 1986ರಲ್ಲಿ ಮುಂಬೈಯಲ್ಲಿ ಶುರುವಾಯಿತು. ಬೆಂಗಳೂರಿನಲ್ಲಿ ಕರುಣಾಶ್ರಯ ಇದೆ. ಒಳ್ಳೆಯ ಜಾಗಗಳು. ಆದರೆ ರೋಣದ ಅಜ್ಜಿಯೊಬ್ಬಳು ಕೊನೆಯ ದಿನಗಳನ್ನು ಕಳೆಯಲು ಬೆಂಗಳೂರಿಗೆ ಹೋಗುತ್ತಾಳಾ? ಹೋಗುವುದಿಲ್ಲ, ಹೋಗಬೇಕಾಗಿಯೂ ಇರಬಾರದು. ಅದಕ್ಕೇ ನನಗೆ ಕೇರಳದ ದಾರಿ ಸರಿ ಅನ್ನಿಸಿದ್ದು. 1993ರಲ್ಲಿ ಕೋಯಿಕ್ಕೋಡ್‌ನಲ್ಲಿ ಕೆಲವು ಡಾಕ್ಟರುಗಳು ಈ ಕೆಲಸ ಶುರು ಮಾಡಿದರು. ಆಮೇಲೆ ಊರಿನ ಜನರೇ ತರಬೇತಿ ತಗೊಂಡು ತಮ್ಮ ಓಣಿಯ ರೋಗಿಗಳನ್ನು ನೋಡಿಕೊಳ್ಳತೊಡಗಿದರು. 2008ರಲ್ಲಿ ಅಲ್ಲಿನ ಸರ್ಕಾರ ಇದಕ್ಕಾಗಿಯೇ ಒಂದು ನೀತಿ ತಂದಿತು. ನಮ್ಮಲ್ಲೂ ಓಣಿಯಿಂದಲೇ ಶುರುವಾಗಬೇಕು ಅಂತ ನಾನು ನಂಬಿದ್ದೇನೆ.

ಮೊದಲ ಪ್ರಶ್ನೆ, ರೋಗಿಗಳು ಎಲ್ಲಿದ್ದಾರೆ? ಅವರು ಆಸ್ಪತ್ರೆಗೆ ಬರುವುದನ್ನು ನಿಲ್ಲಿಸಿರುತ್ತಾರೆ. ಮನೆಯವರು ರೋಗದ ಹೆಸರು ಹೇಳುವುದಿಲ್ಲ. ಹಾಗಾಗಿ ಊರಲ್ಲಿ ಯಾರಿಗೆ ಮೊದಲು ಗೊತ್ತಾಗುತ್ತದೆ ಅಂತ ಹುಡುಕಿದೆವು. ಆಶಾ ಕಾರ್ಯಕರ್ತೆಗೆ ಗೊತ್ತಿರುತ್ತದೆ. ನೋವಿನ ಗುಳಿಗೆ ಮೇಲಿಂದ ಮೇಲೆ ಒಯ್ಯುವವರು ಯಾರು ಅಂತ ಮೆಡಿಕಲ್ ಅಂಗಡಿಯವರಿಗೆ ಗೊತ್ತಿರುತ್ತದೆ. ಯಾರನ್ನು ಮಲಗಿಸಿಕೊಂಡು ಮನೆಗೆ ಬಿಟ್ಟು ಬಂದೆ ಅಂತ ಟಂಟಂ ಡ್ರೈವರ್‌ಗೆ ಗೊತ್ತಿರುತ್ತದೆ. ಇವರ ಕೈಯಲ್ಲಿ ನಮ್ಮ ಫೋನ್ ನಂಬರ್ ಇರುವ ಕಾರ್ಡ್ ಕೊಟ್ಟೆವು. ಅಕ್ಟೋಬರ್ ಎರಡನೇ ಶನಿವಾರ ವಿಶ್ವ ಹಾಸ್ಪೈಸ್ ದಿನ. ಆವತ್ತು ಜಾಥಾ ಮಾಡುವುದೂ ಒಳ್ಳೆಯದೇ. ಆದರೆ ನಮಗೆ ಜಾಸ್ತಿ ಫೋನ್ ಬಂದದ್ದು ಈ ಕಾರ್ಡುಗಳಿಂದ.

ಇನ್ನೊಂದು ಜಾಗ ಮಠ. ಶ್ರಾವಣದಲ್ಲಿ ನಮ್ಮ ಹಳ್ಳಿಗಳಲ್ಲಿ ಪುರಾಣ ಹಚ್ಚುತ್ತಾರೆ. ಸಂಜೆ ಇಡೀ ಊರು ಅಲ್ಲಿ ಕೂಡುತ್ತದೆ. ಮಂಗಳಾರತಿಗೆ ಮುಂಚೆ ಹತ್ತು ನಿಮಿಷ ಕೊಡಿ ಅಂತ ಸ್ವಾಮಿಗಳನ್ನು ಕೇಳಿಕೊಂಡೆ. ಖುಷಿಯಿಂದ ಕೊಟ್ಟರು. ನಾನು ಹೇಳಿದ್ದು ಎರಡೇ ಮಾತು: ನೋವು ಅನುಭವಿಸಿಯೇ ತೀರಬೇಕು ಅಂತ ಏನೂ ಇಲ್ಲ, ಅದಕ್ಕೆ ಔಷಧ ಇದೆ. ರೋಗಿಯನ್ನು ಎಬ್ಬಿಸಿಕೊಂಡು ಬರಬೇಡಿ, ನಾವೇ ಬರುತ್ತೇವೆ. ಕೇಳಿದವರು ಅಲ್ಲೇ ಕೈ ಎತ್ತುವುದಿಲ್ಲ. ಚಪ್ಪಲಿ ಮೆಟ್ಟುವಾಗ ಯಾರಾದರೊಬ್ಬರು ಪಕ್ಕಕ್ಕೆ ಬಂದು ಮೆಲ್ಲಗೆ, "ಅಕ್ಕಾರ, ನಮ್ಮ ಮನಿಗೆ ಒಮ್ಮೆ ಬರ್ತೀರೇನ್ರಿ?" ಅಂತ ಕೇಳುತ್ತಾರೆ.

ಇಷ್ಟಾದರೂ ಜನ ಪೂರ್ತಿ ನಂಬುವುದು ಒಂದು ಮನೆಯಲ್ಲಿ ಫರಕ್ ಕಂಡಾಗ. ರೋಣ ತಾಲೂಕಿನ ಒಂದು ಮನೆ ಹೇಳುತ್ತೇನೆ. ಆ ತಾಯಿಗೆ ಎದೆಯ ಕ್ಯಾನ್ಸರ್, ಗಾಯ ಒಡೆದಿತ್ತು. ವಾಸನೆಗೆ ಯಾರೂ ಹತ್ತಿರ ಬರುತ್ತಿರಲಿಲ್ಲ. ಹಿತ್ತಲಿನ ಕೋಣೆಯಲ್ಲಿ ಹಾಸಿಗೆ ಹಾಕಿದ್ದರು. ಮೊಮ್ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ಕ್ಯಾನ್ಸರ್ ಮುಟ್ಟಿದರೆ ಅಂಟುತ್ತದೆ ಅನ್ನುವ ಭಯ ಬೇರೆ.

ಗಾಯದ ವಾಸನೆಗೆ ಮದ್ದು ದುಬಾರಿಯಲ್ಲ. ಅಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದಿಂದ ಆ ವಾಸನೆ ಬರುತ್ತದೆ. ಡಾಕ್ಟರ್ ಮೆಟ್ರೊನಿಡಜೋಲ್ ಗುಳಿಗೆ ಬರೆದುಕೊಟ್ಟರು. ಅದನ್ನು ನುಣ್ಣಗೆ ಪುಡಿ ಮಾಡಿ ಗಾಯದ ಮೇಲೆ ಹಾಕಬೇಕು. ಮೊದಲು ಉಪ್ಪು ಹಾಕಿ ಕುದಿಸಿ ಆರಿಸಿದ ನೀರಿನಿಂದ ಗಾಯ ತೊಳೆಯಬೇಕು. ಉಜ್ಜಬಾರದು, ರಕ್ತ ಬರುತ್ತದೆ. ಅಂಟಿಕೊಂಡ ಬಟ್ಟೆಯನ್ನು ಕೀಳದೆ, ನೆನೆಸಿ ತೆಗೆಯಬೇಕು. ಡ್ರೆಸ್ಸಿಂಗ್‌ಗೆ ದಿನಾ ದುಡ್ಡು ಹಾಕಲು ಆಗುವುದಿಲ್ಲ ಅಲ್ವಾ? ಹಳೆಯ ಹತ್ತಿ ಸೀರೆ ಒಗೆದು, ತುಂಡು ಮಾಡಿ, ಡಬ್ಬಿಯಲ್ಲಿಟ್ಟು ಕುಕ್ಕರ್‌ನಲ್ಲಿ ಹಬೆ ಕೊಟ್ಟರೆ ಸಾಕು. ಇದನ್ನೆಲ್ಲ ಸೊಸೆಗೆ ಕಲಿಸಿದೆ. ಮೊದಲ ದಿನ ಅವಳ ಕೈ ನಡುಗುತ್ತಿತ್ತು. ಆಮೇಲೆ ನನಗಿಂತ ನಾಜೂಕಾಗಿ ಮಾಡತೊಡಗಿದಳು. ಸ್ವಲ್ಪ ದಿನಗಳಲ್ಲಿ ವಾಸನೆ ಇಳಿಯಿತು. ಹಾಸಿಗೆ ಪಡಸಾಲೆಗೆ ಬಂತು. ಪಕ್ಕದ ಮನೆಯವರು ಮಾತಾಡಿಸಲು ಬಂದರು. ಮುಂದೆ ಅದೇ ಓಣಿಯಿಂದ, ಅವರ ಬೀಗರ ಊರಿನಿಂದ ನಮಗೆ ಫೋನ್ ಬರತೊಡಗಿತು.

ಅದೇ ಮನೆಯಲ್ಲಿ, ಜೋರು ನೋವು ಇಳಿಸುವ ಮಾರ್ಫಿನ್ ಗುಳಿಗೆಯ ವಿಷಯಕ್ಕೆ ಮಾತ್ರ ತುಂಬಾ ಹೊತ್ತು ಕೂತು ಮಾತಾಡಬೇಕಾಯಿತು. "ಅದು ಕೊಟ್ರ ಚಟಾ ಹತ್ತತೈತಂತ, ಲಗೂನ ಸಾಯ್ತಾರಂತ," ಅಂದ ಮಗ. ಈ ಭಯ ಎಲ್ಲ ಕಡೆ ಇದೆ, ಕೆಲವು ಡಾಕ್ಟರುಗಳಲ್ಲೂ ಇದೆ. ನಾನು ನಿಧಾನವಾಗಿ ಹೇಳಿದೆ. ಡಾಕ್ಟರ್ ಹೇಳಿದಷ್ಟೇ, ಸಣ್ಣ ಪ್ರಮಾಣದಿಂದ ಶುರು ಮಾಡಿ, ನೋವು ನೋಡಿ ಹೆಚ್ಚಿಸುತ್ತಾ ಹೋದರೆ ಇದು ಜೀವ ತೆಗೆಯುವ ಔಷಧವಲ್ಲ. ಕ್ಯಾನ್ಸರ್ ನೋವಿಗೆ ಹೀಗೆ ತಗೊಳ್ಳುವವರಿಗೆ ಚಟ ಹತ್ತುವುದು ಅಪರೂಪ. ಮೊದಲ ಕೆಲವು ದಿನ ಮಂಪರು, ವಾಕರಿಕೆ ಇರಬಹುದು, ಅದು ಕಡಿಮೆಯಾಗುತ್ತದೆ. ಮಲಬದ್ಧತೆ ಮಾತ್ರ ತಾನಾಗಿ ಹೋಗುವುದಿಲ್ಲ, ಅದಕ್ಕೆ ಮೊದಲ ದಿನದಿಂದಲೇ ಬೇರೆ ಗುಳಿಗೆ ಬೇಕು.

ಸಾಮಾನ್ಯ ಮಾರ್ಫಿನ್ ಗುಳಿಗೆಯ ಗುಣ ಸುಮಾರು ನಾಲ್ಕು ತಾಸು ಇರುತ್ತದೆ. ನೋವು ಎದ್ದ ಮೇಲೆ ಕೊಡೋಣ ಅಂತ ಕಾಯಬಾರದು. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10. ನಡುರಾತ್ರಿ ಎಬ್ಬಿಸಬಾರದು ಅಂತ ರಾತ್ರಿ 10ರದ್ದನ್ನು ಡಾಕ್ಟರ್ ಎರಡು ಪಟ್ಟು ಬರೆಯುತ್ತಾರೆ. ಗಡಿಯಾರ ನೋಡಲು ಬಾರದ ಮನೆಗಳಲ್ಲಿ ಹಾಲು ಕರೆಯುವ ಹೊತ್ತು, ದೀಪ ಹಚ್ಚುವ ಹೊತ್ತು ಅಂತ ಚಿತ್ರ ಬರೆದು ಗೋಡೆಗೆ ಅಂಟಿಸುತ್ತೇನೆ.

ಆ ತಾಯಿ ಗುಳಿಗೆ ಶುರುವಾದ ಮೇಲೆ ರಾತ್ರಿ ನಿದ್ದೆ ಮಾಡಿದರು. ಎಷ್ಟೋ ದಿನದ ಮೇಲೆ ಮಜ್ಜಿಗೆ ನುಚ್ಚು ಬೇಕು ಅಂತ ಕೇಳಿದರು. ಮಗ ಮುಂದೆ ಯಾವ ಪ್ರಶ್ನೆಯನ್ನೂ ಕೇಳಲಿಲ್ಲ.

ಮಾರ್ಫಿನ್ ಸಿಗುವುದೇ ಕಷ್ಟ ಆಗಿತ್ತು. 1985ರ ಎನ್‌ಡಿಪಿಎಸ್ ಕಾಯ್ದೆ (ಮಾದಕ ವಸ್ತುಗಳ ಮೇಲಿನ ಕಾಯ್ದೆ) ಬಂದ ಮೇಲೆ ಒಂದರ ಮೇಲೊಂದು ಲೈಸೆನ್ಸ್ ಬೇಕಾಗುತ್ತಿತ್ತು, ಆಸ್ಪತ್ರೆಗಳು ಇಡುವುದನ್ನೇ ಬಿಟ್ಟವು. 2014ರ ತಿದ್ದುಪಡಿಯಿಂದ ನಿಯಮ ದೇಶಕ್ಕೆಲ್ಲ ಒಂದೇ ಆಯಿತು. ಈಗ ರಾಜ್ಯದ ಔಷಧ ನಿಯಂತ್ರಕರ ಕಡೆಯಿಂದ ಮಾನ್ಯತೆ ಪಡೆದ ಆಸ್ಪತ್ರೆ ಅದನ್ನು ಇಟ್ಟುಕೊಳ್ಳಬಹುದು, ರಿಜಿಸ್ಟರ್‌ನಲ್ಲಿ ಲೆಕ್ಕ ಬರೆಯಬೇಕು. ಕಾನೂನು ಸಡಿಲಾದರೂ ಹೆದರಿಕೆ ಹೋಗಿಲ್ಲ. ತಾಲೂಕು ಮಟ್ಟದ ಡಾಕ್ಟರುಗಳಿಗೆ ತರಬೇತಿ ಕೊಡದೆ ಇದು ಸರಿಹೋಗುವುದಿಲ್ಲ.

ಗುಳಿಗೆ ಒಯ್ಯಲು ಯಾರು ಬರಬೇಕು ಅನ್ನುವುದೂ ದೊಡ್ಡ ಪ್ರಶ್ನೆಯೇ. ಗಂಡಸರು ಬಂದರೆ ಆ ದಿನದ ಕೂಲಿ ಹೋಗುತ್ತದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ ಫ್ರೀ ಆಯಿತು. ಹೆಂಡತಿ, ಮಗಳು, ಸೊಸೆ ತಾವೇ ಫೈಲ್ ಹಿಡಿದುಕೊಂಡು ಬರತೊಡಗಿದರು. ಹಾಸಿಗೆ ಮಗ್ಗುಲಲ್ಲಿ ಇರುವವರೇ ಅವರು. ನೋವು ಯಾವ ಹೊತ್ತಿಗೆ ಏಳುತ್ತದೆ, ಎಷ್ಟು ತಿಂದರು, ಎಲ್ಲವನ್ನೂ ಸರಿಯಾಗಿ ಹೇಳುತ್ತಾರೆ.

ರಾತ್ರಿ ಹೊತ್ತಿನ ತೊಂದರೆಗೆ ಇನ್ನೂ ಸರಿಯಾದ ವ್ಯವಸ್ಥೆ ಆಗಿಲ್ಲ. ಫೋನ್ ಎತ್ತುತ್ತೇವೆ, ಧೈರ್ಯ ಹೇಳುತ್ತೇವೆ. ದಮ್ಮು ಹತ್ತಿದರೆ ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ, ಮುಖಕ್ಕೆ ಫ್ಯಾನ್ ಹಿಡಿಯಿರಿ ಅನ್ನುತ್ತೇವೆ. ಆ ಹೊತ್ತಿನಲ್ಲಿ ಹಳ್ಳಿಗೆ ಹೋಗುವ ಗಾಡಿ ನಮ್ಮಲ್ಲಿ ಇಲ್ಲ.

ನಿಮ್ಮ ಮನೆಯಲ್ಲಿ ಯಾರಾದರೂ ಇಂಥ ಸ್ಥಿತಿಯಲ್ಲಿದ್ದರೆ ಮೊದಲು ನಿಮ್ಮ ಆಶಾ ಅಕ್ಕನಿಗೆ ಹೇಳಿ. ಉಪಕೇಂದ್ರಗಳು ಈಗ ಆಯುಷ್ಮಾನ್ ಆರೋಗ್ಯ ಮಂದಿರ ಆಗಿವೆ, ಅಲ್ಲಿ ಕೊಡಬೇಕಾದ ಸೇವೆಗಳಲ್ಲಿ ಇದೂ ಸೇರಿದೆ. ಜಿಲ್ಲಾ ಆಸ್ಪತ್ರೆಗೆ ಫೈಲ್ ತಗೊಂಡು ಹೋಗಿ, ಪ್ಯಾಲಿಯೇಟಿವ್ ಕೇರ್ ನೋಡುವವರು ಯಾರು, ಮಾರ್ಫಿನ್ ಇದೆಯಾ ಅಂತ ಕೇಳಿ. ಇಲ್ಲ ಅಂದರೆ ಎಲ್ಲಿ ಸಿಗುತ್ತದೆ ಅಂತ ಬರೆದುಕೊಡಲು ಹೇಳಿ. ನೋವು ಎಲ್ಲಿದೆ, ಯಾವಾಗ ಜಾಸ್ತಿಯಾಗುತ್ತದೆ, ಈಗ ಯಾವ ಗುಳಿಗೆ ನಡೆದಿದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ.